ವಾಹನ ಪ್ರಶ್ನೋತ್ತರ: ಸೀಟಿನಡಿಯ ಹಳದಿ ಕನೆಕ್ಟರ್

ಪ್ರಶ್ನೆ: 2019ರ ಕೊನೆಗೆ ಕೊಂಡ ಹ್ಯಾಚ್‌ಬ್ಯಾಕ್, ಟಾಪ್ ಮಾಡೆಲ್, ಆರು ಏರ್‌ಬ್ಯಾಗ್ ಇವೆ. ಸೀಟುಗಳನ್ನೆಲ್ಲ ತೊಳೆಸಿ ತಂದ ದಿನದಿಂದ ಏರ್‌ಬ್ಯಾಗ್ ದೀಪ ಆರುತ್ತಿಲ್ಲ. ಮೊಬೈಲಿಗೆ ಜೋಡಿಸುವ ಚಿಕ್ಕ ಸ್ಕ್ಯಾನರ್ ಹಾಕಿದರೆ ಯಾವ ದೋಷವೂ ಇಲ್ಲ ಎನ್ನುತ್ತದೆ. ಗ್ಯಾರೇಜಿನವರು ಪಕ್ಕದ ಸೀಟಿನ ಸೆನ್ಸರ್ ಹೋಗಿದೆ, ಫೋಮ್ ಸಮೇತ ಬದಲಿಸಬೇಕು ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಫೋಮಿಗೆ ದುಡ್ಡು ಕೊಡುವ ಮೊದಲು ಸೀಟಿನಡಿಗೆ ಟಾರ್ಚ್ ಬಿಟ್ಟು ನೋಡಿ. ತೊಳೆಸಿದ ಮೇಲೆ ದೀಪ ಬಂತು ಎಂದರೆ ಅನುಮಾನ ಮೊದಲು ಹೋಗಬೇಕಾದ್ದು ಕನೆಕ್ಟರ್ ಮೇಲೆ, ಸೆನ್ಸರ್ ಮೇಲಲ್ಲ. ತೊಳೆಯುವವರು ಸೀಟನ್ನು ಹೊರಗೆ ತೆಗೆದು, ಕಾರು ಪಕ್ಕಕ್ಕೆ ನಿಲ್ಲಿಸಲೆಂದು ಒಮ್ಮೆ ಕೀ ತಿರುಗಿಸಿದರೂ ಸಾಕು. ಸೀಟಿನ ವೈರ್ ಸಿಗಲಿಲ್ಲವೆಂದು ಏರ್‌ಬ್ಯಾಗಿನ ಇಸಿಯು, ಅಂದರೆ ಅದನ್ನು ನಿಯಂತ್ರಿಸುವ ಚಿಕ್ಕ ಕಂಪ್ಯೂಟರ್, ದೋಷದ ಕೋಡ್ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಕನೆಕ್ಟರ್ ಸರಿಯಾಗಿ ಹಾಕಿದರೂ ಎಷ್ಟೋ ಕಾರುಗಳಲ್ಲಿ ಕೋಡ್ ಅಳಿಸುವ ತನಕ ದೀಪ ಆರುವುದಿಲ್ಲ.

ನಿಮ್ಮ ಚಿಕ್ಕ ಸ್ಕ್ಯಾನರ್ ಸುಳ್ಳು ಹೇಳಿಲ್ಲ, ಅದು ನೋಡಿದ್ದು ಎಂಜಿನ್ ಮಾತ್ರ. ಅಂಥವು ಸಾಮಾನ್ಯವಾಗಿ ‘ಪಿ’ಯಿಂದ ಶುರುವಾಗುವ ಕೋಡ್‌ಗಳನ್ನಷ್ಟೇ ಓದುತ್ತವೆ. ಏರ್‌ಬ್ಯಾಗಿನವು ‘ಬಿ’ ಕೋಡ್‌ಗಳು, ಅವುಗಳಿಗೆ ಎಸ್‌ಆರ್‌ಎಸ್ (ಏರ್‌ಬ್ಯಾಗ್ ವ್ಯವಸ್ಥೆ) ಓದುವ ಸ್ಕ್ಯಾನರ್ ಬೇಕು. ಗ್ಯಾರೇಜಿನವರಿಂದ ಕೋಡಿನ ಪೂರ್ತಿ ವಿವರಣೆ ಬರೆಸಿಕೊಳ್ಳಿ. ‘ಸೀಟ್ ಸೆನ್ಸರ್’ ಎಂಬ ಬಾಯಿಮಾತು ಸಾಲದು. ಸೀಟಿನಲ್ಲಿ ಕೂತವರನ್ನು ಗುರುತಿಸುವ ಮ್ಯಾಟ್, ಬೆಲ್ಟಿನ ಬಕಲ್ ಸ್ವಿಚ್, ಸೈಡ್ ಏರ್‌ಬ್ಯಾಗ್ ಮೂರರ ವೈರುಗಳೂ ಅದೇ ಸೀಟಿನಡಿಯಿಂದ ಹಾದುಹೋಗುತ್ತವೆ. ಕೋಡ್ ಯಾವುದರದ್ದು, ಈಗಲೂ ಇರುವ ದೋಷವೋ ಹಳೆಯದೋ ಎಂಬುದು ಗೊತ್ತಾಗಬೇಕು. ಹಳೆಯದಾದರೆ ಅಳಿಸಿ, ನಾಲ್ಕು ದಿನ ಓಡಿಸಿ ನೋಡಿದರಾಯಿತು.

‘ರೆಸಿಸ್ಟೆನ್ಸ್ ಹೆಚ್ಚು’ (ಕರೆಂಟಿಗೆ ತಡೆ ಹೆಚ್ಚು) ಎಂದು ಬಂದರೆ ಹೆಚ್ಚಿನ ಪಾಲು ಕನೆಕ್ಟರ್ ಕಥೆಯೇ. ಏರ್‌ಬ್ಯಾಗ್ ಸಿಡಿಸುವ ಬತ್ತಿಯ ರೆಸಿಸ್ಟೆನ್ಸ್ ಸುಮಾರು 2 ಓಮ್. ಪಿನ್ ಮೇಲೆ ಸೋಪಿನ ನೀರು ಒಣಗಿ ಹಸಿರು ಕಿಲುಬು ಕಟ್ಟಿ ಇನ್ನೊಂದೆರಡು ಓಮ್ ಸೇರಿದರೆ ಇಸಿಯು ಕಣ್ಣಿಗೆ ಅದು ದೋಷವೇ. ಮನೆಯ ಬಲ್ಬಿನ ಹೋಲ್ಡರಿನಲ್ಲಿ ಲೆಕ್ಕಕ್ಕೇ ಬಾರದ ಕೊಳೆ ಇಲ್ಲಿ ದೀಪ ಹೊತ್ತಿಸುತ್ತದೆ.

ಮಾಡುವ ಕ್ರಮ ಹೀಗೆ. ಕರೆಂಟಿನ ಸೀಟಾದರೆ ಬೋಲ್ಟ್ ಕೈಗೆ ಸಿಗುವಂತೆ ಮೊದಲೇ ಜರುಗಿಸಿಕೊಳ್ಳಿ, ಬ್ಯಾಟರಿ ಬಿಚ್ಚಿದ ಮೇಲೆ ಅದು ಅಲುಗಾಡುವುದಿಲ್ಲ. ಕೀ ತೆಗೆದು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಅದು ಮತ್ತೆ ತಾಗದಂತೆ ಬಟ್ಟೆ ಸುತ್ತಿ. ಆಮೇಲೆ ಕಾಯಬೇಕು. ಬ್ಯಾಟರಿ ಇಲ್ಲದಿದ್ದರೂ ಏರ್‌ಬ್ಯಾಗ್ ಸಿಡಿಸುವಷ್ಟು ಶಕ್ತಿಯನ್ನು ಇಸಿಯು ಒಳಗಿನ ಕೆಪಾಸಿಟರ್ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡಿರುತ್ತದೆ. ಟೊಯೋಟಾ ಕೈಪಿಡಿಗಳು 90 ಸೆಕೆಂಡ್ ಎನ್ನುತ್ತವೆ, ಹೋಂಡಾ 3 ನಿಮಿಷ. ನಿಮ್ಮ ಕಾರಿನ ಕೈಪಿಡಿ ಕೈಯಲ್ಲಿಲ್ಲದಿದ್ದರೆ 10 ನಿಮಿಷ ಬಿಡಿ. ಅವಸರಕ್ಕೆ ಇಲ್ಲಿ ಲಾಭವೇನೂ ಇಲ್ಲ.

ಈಗ ಕನೆಕ್ಟರಿನ ಲಾಕ್ ಎತ್ತಿ ಬಿಚ್ಚಿ. ಹಳದಿಯದು ಸೈಡ್ ಏರ್‌ಬ್ಯಾಗಿನದು. ಒಳಗೆ ಒಂದು ತೆಳ್ಳನೆಯ ಲೋಹದ ಸ್ಪ್ರಿಂಗ್ ಕಾಣಬಹುದು. ಬಿಚ್ಚಿದ ಕೂಡಲೇ ಅದು ಎರಡೂ ಪಿನ್‌ಗಳನ್ನು ಒಂದುಗೂಡಿಸುತ್ತದೆ. ಮೈಯಿಂದ ಬರುವ ಸ್ಟ್ಯಾಟಿಕ್ ಕರೆಂಟಿಗೂ ಬ್ಯಾಗ್ ಸಿಡಿಯಬಾರದು ಎಂಬ ಮುನ್ನೆಚ್ಚರಿಕೆ ಅದು. ಪಿನ್ ತಂದು ಅದನ್ನು ಕೆರೆದು ಬಗ್ಗಿಸಬೇಡಿ. ಹಳದಿ ವೈರಿಗೆ ಮಲ್ಟಿಮೀಟರ್ ಮುಟ್ಟಿಸಲೇಬಾರದು. ಓಮ್ ಅಳೆಯಲು ಮೀಟರ್ ಬಿಡುವ ಕರೆಂಟ್ ಚಿಕ್ಕದೇ, ಆದರೆ ಅದು ಹೋಗುವುದು ಬತ್ತಿಯೊಳಗೇ. ವರ್ಕ್‌ಶಾಪಿನಲ್ಲಿ ಬ್ಯಾಗಿನ ಜಾಗಕ್ಕೆ 2 ಓಮಿನ ಪರೀಕ್ಷಾ ರೆಸಿಸ್ಟರ್ ಜೋಡಿಸಿ, ಕೋಡ್ ಹೋಯಿತೇ ಎಂದು ನೋಡುತ್ತಾರೆ. ಹೋದರೆ ದೋಷ ಸೀಟಿನ ಕಡೆ, ಹೋಗದಿದ್ದರೆ ಕಾರಿನ ವೈರಿಂಗ್ ಕಡೆ.

ಪಿನ್‌ಗಳಿಗೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪೂರ್ತಿ ಒಣಗಲು ಬಿಡಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡ. ಟಿಕ್ ಎಂದು ಲಾಕ್ ಕೂರುವವರೆಗೆ ಒತ್ತಿ. ಸೀಟನ್ನು ಪೂರ್ತಿ ಹಿಂದೆ ಮುಂದೆ ಜರುಗಿಸಿ, ವೈರ್ ಎಲ್ಲಾದರೂ ಹಳಿಗೆ ಸಿಕ್ಕಿ ಎಳೆಯುತ್ತಿದೆಯೇ ನೋಡಿ. ಸೀಟಿನಡಿ ಛತ್ರಿ, ನೀರಿನ ಬಾಟಲಿ ತುರುಕುವವರ ಕಾರಿನಲ್ಲಿ ಇದೇ ದೊಡ್ಡ ತೊಂದರೆ. ಬ್ಯಾಟರಿ ಜೋಡಿಸುವುದು ಕೊನೆಗೆ, ಕರೆಂಟಿನ ಸೀಟಾದರೆ ಜರುಗಿಸಿ ನೋಡುವುದು ಅದಾದ ಮೇಲೆ. ಕೀ ಆನ್ ಮಾಡಿದಾಗ ದೀಪ ಕೆಲವು ಸೆಕೆಂಡ್ ಉರಿದು ಆರಬೇಕು. ಉರಿಯದೇ ಇದ್ದರೆ ಅದೂ ದೋಷವೇ. ಯಾರೋ ಬಲ್ಬ್ ಕಿತ್ತಿರುವ ಸೆಕೆಂಡ್ ಹ್ಯಾಂಡ್ ಕಾರುಗಳುಂಟು.

ಇಷ್ಟಾದ ಮೇಲೂ ಮ್ಯಾಟಿನ ಕೋಡೇ ಬಂದರೆ ಗ್ಯಾರೇಜಿನವರ ಮಾತು ಸರಿ ಇರಬಹುದು. ಮ್ಯಾಟ್ ಎಂದರೆ ವಾಹಕ ಶಾಯಿಯ ಗೆರೆ ಮುದ್ರಿಸಿದ ಎರಡು ತೆಳು ಪ್ಲಾಸ್ಟಿಕ್ ಹಾಳೆ. ಹಿಂದಿನ ಸೀಟಿಗೆ ಬಗ್ಗಲು ಮಂಡಿಯೂರಿ ನಿಂತು ನಿಂತು ಆ ಗೆರೆ ಬಿರುಕು ಬಿಡುತ್ತದೆ, ನೀರು ಇಳಿದರೆ ಕೊಳೆಯುತ್ತದೆ. ಅದನ್ನು ಬೆಸುಗೆ ಹಾಕಿ ಸರಿಮಾಡಲು ಆಗದು. ತೇವವಷ್ಟೇ ಆಗಿದ್ದರೆ ನೆರಳಲ್ಲಿ ಎರಡು ಮೂರು ದಿನ ಒಣಗಿಸಿ ಇನ್ನೊಮ್ಮೆ ಓದಿಸಿ.

ಪ್ರಶ್ನೆ: ಪಕ್ಕದ ಸೀಟಿನ ಮೇಲೆ 20 ಲೀಟರ್ ನೀರಿನ ಕ್ಯಾನ್ ಇಟ್ಟರೆ ಬೀಪ್ ಬೀಪ್. ಸೆನ್ಸರ್ ಕೆಟ್ಟಿದೆಯೇ? ಬಕಲಿಗೆ ಸಿಕ್ಕಿಸುವ ಕ್ಲಿಪ್ ತರಲೇ?
– ಓದುಗರು, ಹಾಸನ

ಉತ್ತರ: ಕೆಟ್ಟಿಲ್ಲ. 20 ಕಿಲೋ ಭಾರ ಕೂತರೆ ಅದಕ್ಕೆ ಮನುಷ್ಯನೂ ಒಂದೇ, ಕ್ಯಾನೂ ಒಂದೇ. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಮುಂದಿನ ಎರಡೂ ಸೀಟಿಗೆ ಬೆಲ್ಟ್ ಎಚ್ಚರಿಕೆ ಕಡ್ಡಾಯ. ನಮ್ಮ ಎಷ್ಟೋ ಸಣ್ಣ ಕಾರುಗಳಲ್ಲಿ ಸೀಟಿನ ಮ್ಯಾಟ್ ಇರುವುದೇ ಆ ಬೀಪಿಗಾಗಿ. ಉರಿಯುತ್ತಿರುವುದು ಬೆಲ್ಟಿನ ದೀಪ, ಏರ್‌ಬ್ಯಾಗಿನದ್ದಲ್ಲ. ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ಕ್ಯಾನ್ ಡಿಕ್ಕಿಯಲ್ಲಿಡಿ. ಕ್ಲಿಪ್ ಬೇಡ. ಅದು ಸಿಕ್ಕಿಕೊಂಡಿದ್ದರೆ ಬೆಲ್ಟ್ ಹಾಕಿದ್ದಾರೆಂದೇ ಇಸಿಯು ನಂಬುತ್ತದೆ, ಮನುಷ್ಯ ಮಾತ್ರ ಮುಂದಕ್ಕೆ ಎಗರಿ, ಉಬ್ಬುತ್ತಿರುವ ಬ್ಯಾಗಿಗೆ ಮುಖ ಕೊಡುತ್ತಾನೆ. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇವನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆಸಿದ್ದು ಇದಕ್ಕೇ.

ಪ್ರಶ್ನೆ: ಊರಿಂದ ಬಂದ ಅಮ್ಮ ಮುಂದಿನ ಸೀಟಿನಲ್ಲಿ ಕೂತರೆ ‘ಪ್ಯಾಸೆಂಜರ್ ಏರ್‌ಬ್ಯಾಗ್ ಆಫ್’ ಎಂದು ತೋರಿಸುತ್ತದೆ. ನಾವು ಕೂತರೆ ತೋರಿಸುವುದಿಲ್ಲ. ಅವರ ತೂಕ 41 ಕಿಲೋ. ಕಳೆದ ತಿಂಗಳು ಆ ಸೀಟು ಬಿಚ್ಚಿಸಿ ಕಾರ್ಪೆಟ್ ಬದಲಿಸಿದ್ದೆವು.
– ಓದುಗರು, ಕ್ಯಾಲಿಫೋರ್ನಿಯಾ

ಉತ್ತರ: ಅಮೆರಿಕದಲ್ಲಿ 2006ರ ಸೆಪ್ಟೆಂಬರ್ ನಂತರ ತಯಾರಾದ ಕಾರುಗಳಿಗೆ ಮಕ್ಕಳನ್ನು ಏರ್‌ಬ್ಯಾಗಿನ ಹೊಡೆತದಿಂದ ಕಾಯುವ ನಿಯಮವಿದೆ, ಅದಕ್ಕಾಗಿ ಹೆಚ್ಚಿನವು ಸೀಟಿನ ಭಾರ ನೋಡಿ ಬ್ಯಾಗ್ ಆಫ್ ಮಾಡುತ್ತವೆ. ಅಲ್ಲಿನ ಪರೀಕ್ಷೆಯ ಆರು ವರ್ಷದ ಮಗುವಿನ ಬೊಂಬೆ ಸುಮಾರು 23 ಕಿಲೋ, ಸಣ್ಣ ಹೆಂಗಸಿನ ಬೊಂಬೆ ಸುಮಾರು 49. ನಿಮ್ಮ ತಾಯಿ ಇವೆರಡರ ನಡುವೆ ಬೀಳುತ್ತಾರೆ. ಹಾಗಾಗಿ ಇದು ದೋಷವಲ್ಲದೆಯೂ ಇರಬಹುದು. ಅವರು ಚಕ್ಕಳಮಕ್ಕಳ ಹಾಕಿ ಅಥವಾ ದಿಂಬಿನ ಮೇಲೆ ಕೂರುತ್ತಾರಾ? ಸೀಟಿನ ಅಂಚಿಗೆ ಬರುತ್ತಾರಾ? ದಿಂಬು ತೆಗೆದು, ಬೆನ್ನು ಒರಗಿಸಿ, ಕಾಲು ಕೆಳಗಿಟ್ಟು ಕೂರಿಸಿ, ಕಾರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿ. ಸೀಟಿನಡಿ ಏನಾದರೂ ತುರುಕಿದ್ದರೆ ಅದು ಕೆಳಗಿನಿಂದ ಒತ್ತಿ ಭಾರ ಕಡಿಮೆ ತೋರಿಸುತ್ತದೆ.

ಆದರೆ ನಿಮ್ಮ ಸೀಟು ಬಿಚ್ಚಿದ್ದಾಗಿದೆ. ಭಾರ ಅಳೆಯುವ ಸೆನ್ಸರ್ ಸೀಟಿನ ಹಳಿಯಲ್ಲೇ ಇರುವ ಕಾರಾದರೆ ಬೋಲ್ಟ್ ಬಿಗಿಸಿದ ರೀತಿ ವ್ಯತ್ಯಾಸವಾದರೂ ಅಳತೆ ತಪ್ಪುತ್ತದೆ. ಕೈಪಿಡಿ ಹೇಳಿದ ಟಾರ್ಕಿನಲ್ಲೇ (ತಿರುಗಿಸುವ ಬಲದಲ್ಲೇ) ಬಿಗಿಸಿ, ಸೀಟು ಖಾಲಿ ಬಿಟ್ಟು, ಸ್ಕ್ಯಾನರಿನಿಂದ ಶೂನ್ಯ ಹೊಂದಾಣಿಕೆ ಮಾಡಿಸಬೇಕು. ಟೊಯೋಟಾದಲ್ಲಿ ಆಮೇಲೆ 30 ಕಿಲೋ ಭಾರ ಇಟ್ಟು ಓದುತ್ತಾರೆ. 27ರಿಂದ 33ರೊಳಗೆ ಬಂದರೆ ಸರಿ. ಅದಾದ ಮೇಲೂ ದೀಪ ಆಫ್ ಎಂದೇ ತೋರಿಸಿದರೆ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿಸಿ.