ಮಾಜಿ ಸೈನಿಕರ ಸಂಘಕ್ಕೆ ಸೈನ್ಯದಲ್ಲಿಲ್ಲದ ನಾನು ಸೆಕ್ರೆಟರಿ ಆಗಬಹುದಾ?

ಸೋಮವಾರಪೇಟೆ ಕಡೆಯಿಂದ ಕೇಳಿದವರೇ, ಅಪ್ಪ ಸುಬೇದಾರ್ ಆಗಿದ್ರು, ನಾನು ಮಾತ್ರ ಯೂನಿಫಾರ್ಮ್ ಹಾಕಿಲ್ಲ, ಹಿರಿಯರು ನನ್ನ ಮಾತು ಕೇಳ್ತಾರಾ ಅಂತ ತಾನೆ ನಿಮ್ಮ ಡೌಟು? ಮೊದಲು ಬೈಲಾ ನೋಡಿ, ಮೆಂಬರ್‌ಶಿಪ್ಪಿಗೆ ಮಾಜಿ ಸೈನಿಕರೇ ಆಗಿರ್ಬೇಕು ಅಂತಿದ್ರೆ ಹುದ್ದೆ ಬಿಡಿ, ವಾಲಂಟಿಯರ್ ಆಗೇ ಸೇರ್ಕೊಳ್ಳಿ.

ನಾನೂ ಹಂಗೇ ಸೇರಿದ್ದು. ಮೊದಲ ಮೀಟಿಂಗಲ್ಲೇ ಎದ್ದು ಭಾಷಣ ಬಿಗಿದೆ, ಒಬ್ಬ ಹವಾಲ್ದಾರ್ ಮಾವ "ಕೂತ್ಕೋ ಮಗ, ಕಾಫಿ ಕುಡಿ" ಅಂದ್ರು, ಅಷ್ಟೇ! ಆಮೇಲೆ ಬಾಯಿ ಮುಚ್ಕೊಂಡು ಸೈನಿಕರ ಪೆನ್ಷನ್ ನೋಡ್ಕೊಳ್ಳೋ ಸ್ಪರ್ಶ್ ವೆಬ್‌ಸೈಟಿನ ಲಾಗಿನ್, ವರ್ಷಕ್ಕೊಮ್ಮೆ ಕೊಡೋ ಲೈಫ್ ಸರ್ಟಿಫಿಕೇಟು, ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡು, ಇವನ್ನ ಮಾಡಿಕೊಡೋಕೆ ಶುರು ಮಾಡ್ದೆ, ಆಗ ಜನ ತಾವೇ ಮನೆಗೆ ಬಂದ್ರು.

ನಮ್ಮಲ್ಲಿ ದೊಡ್ಡ ತಲೆನೋವು ಹೆಸರು. ಪಿಪಿಒ ಅಂದ್ರೆ ಪೆನ್ಷನ್ ಆರ್ಡರಲ್ಲಿ ಹೆಂಡತಿ ಹೆಸರು ಒಂಥರ, ಆಧಾರಲ್ಲಿ ಮನೆತನದ ಹೆಸರು ಸೇರಿ ಇನ್ನೊಂಥರ, ಇದನ್ನ ಯಜಮಾನ್ರು ಇರುವಾಗ್ಲೇ ಸರಿ ಮಾಡಿಸದಿದ್ರೆ ಆಮೇಲೆ ಫ್ಯಾಮಿಲಿ ಪೆನ್ಷನ್ನಿಗೆ ಆ ಅಜ್ಜಿ ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಗೆ ಎಷ್ಟು ಸಲ ಬಸ್ ಹತ್ತಬೇಕೋ. ನೀವು ಇದೊಂದನ್ನೇ ಹಿಡ್ಕೊಳ್ಳಿ, ಮನೆ ಮನೆಗೆ ಹೋಗಿ ಪಿಪಿಒ, ಆಧಾರ್, ಡಿಸ್ಚಾರ್ಜ್ ಬುಕ್ ಪಕ್ಕಪಕ್ಕ ಇಟ್ಟು ನೋಡಿ. ಒಟಿಪಿ, ಪಾಸ್‌ವರ್ಡ್ ಮಾತ್ರ ನಿಮ್ಮ ಹತ್ರ ಬರ್ಕೊಳ್ಳಬೇಡಿ.

ಕಾಫಿ ಕೊಯ್ಲಿನ ಟೈಮಲ್ಲಿ ಕ್ಯಾಂಪ್ ಇಡಬೇಡಿ ಮತ್ತೆ, ಒಬ್ರೂ ಬರಲ್ಲ.