ಎರೆ ಹೊಲ ಮಾರಿ ಕಡಲ ದಂಡೆಗೆ ಹೊರಟವರಿಗೆ

ಈ ಸಲದ ಪತ್ರಗಳಲ್ಲಿ ಬೆಟಗೇರಿಯ ಓದುಗರೊಬ್ಬರದು ಎಲ್ಲಕ್ಕಿಂತ ಉದ್ದ. ಬ್ಯಾಂಕಿನಿಂದ ನಿವೃತ್ತರಾದವರು, ಮಕ್ಕಳಿಬ್ಬರೂ ಪುಣೆಯಲ್ಲಿದ್ದಾರೆ. ಪತ್ರದ ಸಾರ ಇಷ್ಟು: "ಗದುಗಿನ ಬಿಸಿಲು, ಧೂಳು, ನೀರಿನ ತಾಪತ್ರಯ ಸಾಕಾಗಿದೆ. ಅಣ್ಣಿಗೇರಿ ಹತ್ತಿರ ನನ್ನ ಪಾಲಿಗೆ ಬಂದ ನಾಲ್ಕು ಎಕರೆ ಎರೆ (ಕಪ್ಪು ಮಣ್ಣಿನ) ಹೊಲ ಇದೆ, ಲಾವಣಿಗೆ (ಗೇಣಿಗೆ) ಕೊಟ್ಟಿದ್ದೇನೆ. ಅದನ್ನು ಮಾರಿ ಹೊನ್ನಾವರದ ಕಡೆ ಇಪ್ಪತ್ತು ಗುಂಟೆ ಜಾಗ ತಗೊಂಡು, ನಾವಿಬ್ಬರೂ ಉಣ್ಣುವಷ್ಟು ಕಾಯಿಪಲ್ಯ, ಹಣ್ಣು ಬೆಳೆದುಕೊಂಡು ಇರಬೇಕೆಂದಿದ್ದೇವೆ. ಅಲ್ಲಿ ಹವೆ ಹಿತ, ಏನು ಹಾಕಿದರೂ ಬರುತ್ತದೆ. ನೀವೇನಂತೀರಿ?" ಹೆಸರು ಹಾಕಬೇಡಿ ಎಂದಿದ್ದಾರೆ. ತಮ್ಮಂದಿರಿಗೆ ಇನ್ನೂ ಹೇಳಿಲ್ಲವಂತೆ.

ಹಿರಿಯರೇ, ಹೇಳದಿದ್ದದ್ದು ಒಳ್ಳೆಯದೇ ಆಯ್ತು. ಮನಸ್ಸು ಬದಲಿಸಲು ಇನ್ನೂ ಅವಕಾಶ ಇದೆ.

ಕರಾವಳಿಯ ಬಗ್ಗೆ ನನಗೆ ತಕರಾರಿಲ್ಲ. ಏಪ್ರಿಲ್‌ನಲ್ಲಿ ಗದಗ 38 ಡಿಗ್ರಿ ದಾಟಿ ಉರಿಯುವಾಗ ಹೊನ್ನಾವರದಲ್ಲಿ 33–34 ಇರುತ್ತದೆ, ನಿಜ. ತೆಂಗು, ಹಲಸು, ಬಾಳೆ, ಬಸಳೆ ಅಲ್ಲಿ ಬರುವ ಹಾಗೆ ಇಲ್ಲಿ ಬರೋದಿಲ್ಲ, ಅದೂ ನಿಜ. ಅಂಕೋಲೆಯ ಕರಿ ಈಶಾಡು ಮಾವನ್ನು ಒಮ್ಮೆ ತಿಂದವರು ಉಳಿದ ಮಾವಿನ ಮಾತು ಎತ್ತೋದಿಲ್ಲ. ಬೇಸಿಗೆಯಲ್ಲಿ ಕುಮಟಾ ಹೆದ್ದಾರಿಯ ಪಕ್ಕ ಜಡೆ ಹೆಣೆದು ತೂಗುಹಾಕಿದ ಸಿಹಿ ಉಳ್ಳಾಗಡ್ಡಿ ಕಂಡರೆ ನಾನೂ ಗಾಡಿ ನಿಲ್ಲಿಸುತ್ತೇನೆ. ಆದರೆ "ಏನು ಹಾಕಿದರೂ ಬರುತ್ತದೆ" ಅಂತ ಬರೆದಿದ್ದೀರಲ್ಲ, ಆ ಒಂದು ಸಾಲಿಗಾಗಿಯೇ ನಿಮ್ಮ ಪತ್ರವನ್ನು ಆರಿಸಿಕೊಂಡೆ.

ಹೊನ್ನಾವರದಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ. ಗದಗಿನಲ್ಲಿ 600ರ ಆಸುಪಾಸು. ಲೆಕ್ಕ ನೋಡಿದರೆ ಐದು ಪಟ್ಟು. ಹಾಗಿದ್ದರೆ ಮಾರ್ಚ್ ಬಂದ ಕೂಡಲೇ ಅಲ್ಲಿನವರು ತೋಟಕ್ಕೆ ಪಂಪು ಹಚ್ಚೋದು ಯಾಕೆ? ಮೇ ತಿಂಗಳಲ್ಲಿ ಬಾವಿಗೆ ಇಣುಕಿ ನಿಟ್ಟುಸಿರು ಬಿಡೋದು ಯಾಕೆ? ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಜಂಬಿಟ್ಟಿಗೆ ಮಣ್ಣು ಜರಡಿ ಇದ್ದಂತೆ, ಬಿದ್ದ ನೀರು ಇಳಿದು ಹೊಳೆ ಸೇರಿ ಕಡಲಿಗೆ ಹೋಗುತ್ತದೆ. ಹೋಗುವಾಗ ಮಣ್ಣಿನ ಸುಣ್ಣ, ಪೊಟ್ಯಾಷ್ ಎಲ್ಲ ತೊಳೆದುಕೊಂಡು ಹೋಗುತ್ತದೆ. ಅದಕ್ಕೇ ಅಲ್ಲಿ ಮಣ್ಣು ಹುಳಿ, ಸುಣ್ಣ ಹಾಕಿ ಹಾಕಿ ಸರಿ ಮಾಡಬೇಕು. ಅಳಿವೆಯ ಹತ್ತಿರ ಜಾಗ ಸಿಕ್ಕರೆ ಬೇಸಿಗೆಯಲ್ಲಿ ಬಾವಿ ನೀರೇ ಉಪ್ಪಾಗುವುದುಂಟು.

ನನ್ನ ಕಾಲೇಜಿನ ಗೆಳೆಯನೊಬ್ಬ, ಹುಬ್ಬಳ್ಳಿಯವನು, ನಿಮ್ಮ ಹಾಗೇ ಕುಮಟಾ ಹತ್ತಿರ ಜಾಗ ಮಾಡಿದ. ಮೊದಲ ಮಳೆಗಾಲದಲ್ಲಿ ಹಪ್ಪಳದ ಡಬ್ಬಿಗೆ ಬೂಷ್ಟು, ಖಾರದ ಪುಡಿ ಗಂಟು, ಬಾಗಿಲ ಕೀಲಿಗೆ ತುಕ್ಕು. ಅದಕ್ಕೆ ಹೊಂದಿಕೊಂಡ. ತಾಳಲಾಗದ್ದು ಟೊಮೆಟೊ. ಕೈಯಾರೆ ಬೆಳೆಸಿದ ಗಿಡ, ಕಾಯಿ ಹಿಡಿದಿದೆ, ಎಲೆ ಇನ್ನೂ ಹಸಿರು, ಆದರೂ ಇಡೀ ಗಿಡ ಸೊರಗಿ ತಲೆ ಬಾಗುತ್ತದೆ. ನೀರು ಸಾಲದು ಅಂತ ಮತ್ತಷ್ಟು ನೀರು ಹಾಕಿದ. ಪಕ್ಕದ ಮನೆಯ ಅಜ್ಜಿ ಬಂದು ಗಿಡ ಕಿತ್ತು, ಕಾಂಡವನ್ನು ಓರೆಯಾಗಿ ಕೊಯ್ದು, ಗಾಜಿನ ಲೋಟದ ನೀರಿನಲ್ಲಿ ಅದ್ದಿ ಹಿಡಿದರು. ಕೊಯ್ದ ಬಾಯಿಂದ ಬಿಳಿ ಎಳೆ ನಿಧಾನಕ್ಕೆ ಕೆಳಗಿಳಿಯಿತು. ಸೊರಗು ರೋಗದ ಬ್ಯಾಕ್ಟೀರಿಯಾ ಅದು. ಹುಳಿ ಮಣ್ಣು, ಬಿಸಿ, ತೇವ ಮೂರೂ ಸೇರಿದರೆ ಅದಕ್ಕೆ ಹಬ್ಬ. ಬದನೆ, ಮೆಣಸಿನಕಾಯಿಯನ್ನೂ ಅದು ಬಿಡೋದಿಲ್ಲ.

ಈಗ ಅವನು ಟೊಮೆಟೊ, ಬದನೆ ಎಲ್ಲ ಸಂತೆಯಲ್ಲಿ ತರುತ್ತಾನೆ. ಆ ಸಂತೆಗೆ ಕಾಯಿಪಲ್ಯ ಎಲ್ಲಿಂದ ಬರುತ್ತದೆ ಗೊತ್ತಾ? ಜಾಸ್ತಿ ಪಾಲು ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ, ರಾತ್ರಿ ಲಾರಿಯಲ್ಲಿ ಘಟ್ಟ ಇಳಿದು. ನೀವು ಯಾವ ನೆಲ ಬೇಡ ಅಂತ ಮಾರಲು ಹೊರಟಿದ್ದೀರೋ ಅದರ ಬದನೆಕಾಯಿಯನ್ನೇ ಹೊನ್ನಾವರದಲ್ಲಿ ಸಾಗಾಟದ ಖರ್ಚು ಸೇರಿಸಿ ಕೊಳ್ಳಬೇಕಾಗುತ್ತದೆ.

ಅಲ್ಲಿ ಬೆಳೆಯುವವರು ಇಲ್ಲವೇ? ಇದ್ದಾರೆ, ಭೇಷಾಗಿ ಬೆಳೆಯುತ್ತಾರೆ. ಅಂಕೋಲಾ, ಕುಮಟಾದ ಹಾಲಕ್ಕಿ ಹೆಣ್ಣುಮಕ್ಕಳು ತರುವ ಹರಿವೆ, ಸೌತೆ, ಬೆಂಡೆ ನೋಡಿ. ಯಾವ ತಿಂಗಳು ಏರುಮಡಿ ಮಾಡಬೇಕು, ಯಾವಾಗ ಗದ್ದೆ ತಳಕ್ಕೆ ಇಳಿಯಬೇಕು ಅನ್ನೋದು ಅವರಿಗೆ ಅಮ್ಮ, ಅಜ್ಜಿಯಿಂದ ಬಂದದ್ದು. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಅನ್ನುವ ಭತ್ತ ಇದೆ. ಉಪ್ಪು ನೀರು ನುಗ್ಗಿದರೂ, ನೆರೆಯಲ್ಲಿ ಮುಳುಗಿ ನಿಂತರೂ ತಾಳುತ್ತದೆ, ಗೊಬ್ಬರ ಕೇಳೋದಿಲ್ಲ. ಅಂಥ ತಳಿಯನ್ನು ಉಳಿಸಿಕೊಂಡು ಬರಲು ಎಷ್ಟು ತಲೆಮಾರು ಕೆಸರಿನಲ್ಲಿ ನಿಂತಿರಬೇಕು! ಅದನ್ನು ನೀವು ಅರವತ್ತು ದಾಟಿದ ಮೇಲೆ ಕಾಗದ ಮಾಡಿಸಿಕೊಂಡು ಕೊಳ್ಳಲು ಹೊರಟಿದ್ದೀರಿ. ಸ್ವಲ್ಪ ಗಡುಸಾಗಿ ಹೇಳಿದೆ, ಬೇಜಾರು ಮಾಡಿಕೊಳ್ಳಬೇಡಿ.

ಈಗ ನಿಮ್ಮ ನಾಲ್ಕು ಎಕರೆಗೆ ಬರೋಣ. ಪತ್ರದಲ್ಲಿ ಅದರ ಬಗ್ಗೆ ಒಂದೂವರೆ ಸಾಲು ಮಾತ್ರ ಇದೆ. ಹೊಲಕ್ಕೆ ಹೋಗುವುದು ಲಾವಣಿ ದುಡ್ಡಿಗೆ ಅಷ್ಟೇ ಅಂತ ಕಾಣುತ್ತದೆ.

ಒಂದು ಎಕರೆಯ ಮೇಲೆ 600 ಮಿ.ಮೀ. ಮಳೆ ಅಂದರೆ 24 ಲಕ್ಷ ಲೀಟರ್ ನೀರು. ಕಮ್ಮಿ ಅಂತೀರಾ? ಒಂದು ಮೀಟರ್ ಆಳದ ಒಳ್ಳೆಯ ಎರೆಮಣ್ಣು ಗಿಡಕ್ಕೆ ಸಿಗುವಂತೆ 150ರಿಂದ 200 ಮಿ.ಮೀ. ನೀರನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಅದರ ಬಲದ ಮೇಲೆಯೇ ನಮ್ಮ ಹಿಂಗಾರಿ ನಿಂತಿದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಬಿಳಿಜೋಳ ಬಿತ್ತುತ್ತಾರೆ. ಆಮೇಲೆ ಒಂದು ಮಳೆ ಬಂದರೆ ಬಂತು, ಇಲ್ಲವೆಂದರೆ ಇಲ್ಲ. ಫೆಬ್ರುವರಿಗೆ ತೆನೆ ಮುರಿಯುತ್ತಾರೆ. ನಾಲ್ಕು ತಿಂಗಳ ಬೆಳೆ ನೆಲದ ಹಸಿ ಕುಡಿದೇ ಬದುಕಿತು! ಬಿತ್ತುವ ಮುಂಚೆ ರೈತ ಒಂದು ಹಿಡಿ ಮಣ್ಣು ಎತ್ತಿ ಉಂಡೆ ಕಟ್ಟಿ ನೋಡುತ್ತಾನೆ. ಉಂಡೆ ನಿಂತು, ಬೆರಳಿಂದ ಒತ್ತಿದಾಗ ಒಡೆದರೆ ಹದ. ಬೆರಳಿಗೆ ಮೆತ್ತಿದರೆ ಇನ್ನೆರಡು ದಿನ ತಡೆ. ಆಮೇಲೆ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಮೇಲಿನ ಬಿರುಕು ಮುಚ್ಚುತ್ತಾನೆ, ಒಳಗಿನ ಹಸಿ ಬಿಸಿಲಿಗೆ ಹಾರಿ ಹೋಗದಿರಲಿ ಅಂತ. ಕರಾವಳಿಯ ಮಣ್ಣಿಗೆ ಈ ವಿದ್ಯೆ ಬೇಕಿಲ್ಲ, ನಮ್ಮದಕ್ಕೆ ಬೇಕು. ಬಿದ್ದ ಮಳೆಯಲ್ಲಿ ಎಷ್ಟು ನಿಂತಿತು ಅನ್ನೋದನ್ನು ನೋಡಿ ಹೊಲದ ಯೋಗ್ಯತೆ ಅಳೆಯಬೇಕು ಅಂತ ನಾನು ಈ ಪುಟದಲ್ಲಿ ಹೇಳುತ್ತಲೇ ಬಂದಿದ್ದೇನೆ. ಹಳೆಯ ಓದುಗರು ನಗುತ್ತಿರಬಹುದು.

ಜೋಳದ ಹೊಲದ ಅಂಚನ್ನು ಯಾವತ್ತಾದರೂ ಗಮನಿಸಿದ್ದೀರಾ? ಸುತ್ತ ನಾಲ್ಕೈದು ಸಾಲು ಕುಸುಬಿ ಇರುತ್ತದೆ. ಅದರ ಎಲೆಯ ಅಂಚಿಗೆಲ್ಲ ಮುಳ್ಳು. ದನ ಬಾಯಿ ಹಾಕಿ ಹಿಂದೆ ಸರಿಯುತ್ತದೆ. ಬೇಲಿಯ ಖರ್ಚು ಉಳಿಯಿತು, ಮೇಲೆ ಎಣ್ಣೆ ಸಿಕ್ಕಿತು. ಎಳೆ ಇದ್ದಾಗ ಅದೇ ಎಲೆ ಪಲ್ಯಕ್ಕೂ ಆಗುತ್ತದೆ. ಕೊಯ್ಯುವವರು ಬೆಳಗಿನ ಜಾವವೇ ಹೋಗುತ್ತಾರೆ, ಇಬ್ಬನಿಗೆ ಮುಳ್ಳು ಮೆತ್ತಗಾಗಿರುತ್ತದೆ ಅಂತ. ಮುಖ್ಯ ಬೆಳೆಯ ನಡುವಿನ ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದಿ, ಹೆಸರು. ಬದುವಿನ ಮೇಲೆ ಪುಂಡಿ. ಯಾರೂ ಬಿತ್ತದೆ ತಾನೇ ಹುಟ್ಟುವ ಹಕ್ಕರಕಿಯನ್ನು ಕಿತ್ತು, ತೊಳೆದು, ಹಸಿಯಾಗಿಯೇ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಜೊತೆ ತಿಂದರೆ ಊಟ ಆಯಿತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಆ ಬಣ್ಣ ಹುಟ್ಟುವುದು ಹಾವೇರಿ, ಧಾರವಾಡ, ಗದಗಿನ ಮಳೆಯಾಶ್ರಿತ ಹೊಲಗಳಲ್ಲೇ.

ಇನ್ನೊಂದು ಸಂಗತಿ. 2024ರ ಜನವರಿ ಕೊನೆಗೆ ಕರ್ನಾಟಕದ ಮೂರು ಜಾಗಗಳು ರಾಮ್ಸರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ಪಟ್ಟಿ, ಸೇರಿದವು. ಒಂದು ವಿಜಯನಗರ ಜಿಲ್ಲೆಯ ಅಂಕಸಮುದ್ರ. ಇನ್ನೊಂದು ನೀವು ಹೋಗಬೇಕೆಂದಿರುವ ಸೀಮೆಯ ಅಘನಾಶಿನಿ ಅಳಿವೆ. ಮೂರನೆಯದು ನಮ್ಮದೇ ಮಾಗಡಿ ಕೆರೆ, ಶಿರಹಟ್ಟಿ ಕಡೆಯದು. ಟಿಬೆಟ್, ಮಂಗೋಲಿಯಾದಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯೋದು ಅಲ್ಲಿ. ಸುತ್ತಲಿನ ಹೊಲದ ಶೇಂಗಾ, ಕಡಲೆ ತಿಂದು ಕೊಬ್ಬುತ್ತವೆ. ಹಿತವಾದ ಹವೆ ಹುಡುಕಿಕೊಂಡು ಅಷ್ಟು ದೂರದಿಂದ ಬರುವ ಹಕ್ಕಿಗೆ ಗದಗ ಜಿಲ್ಲೆ ಸರಿ ಕಂಡಿದೆ. ನಿಮಗೆ ಸರಿ ಕಾಣುತ್ತಿಲ್ಲ!

ಬರಗಾಲದ ಮಾತು ಎತ್ತುತ್ತೀರಿ, ಗೊತ್ತು. 2023ರಲ್ಲಿ ರಾಜ್ಯದ 223 ತಾಲೂಕುಗಳನ್ನು ಬರಪೀಡಿತ ಎಂದು ಸಾರಿದರು. ಆ ವರ್ಷ ಎರೆ ಹೊಲವೂ ಕೈಕೊಟ್ಟಿತು. ಇಲ್ಲ ಅನ್ನೋದಿಲ್ಲ. ಆದರೆ ಮರು ವರ್ಷ, 2024ರ ಜುಲೈನಲ್ಲಿ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನೂ ಟಿವಿಯಲ್ಲಿ ನೋಡಿದ್ದೇವೆ. ಯಾವ ಸೀಮೆಗೂ ಅದರದ್ದೇ ಆದ ಕಷ್ಟ ಇದೆ. ಇಲ್ಲಿಯ ಕಷ್ಟಕ್ಕೆ ನೀವು ಹುಟ್ಟಿನಿಂದ ಪಳಗಿದ್ದೀರಿ.

ನಿಜ ಹೇಳಬೇಕೆಂದರೆ ನನ್ನ ಸಿಟ್ಟು ನಿಮ್ಮ ಮೇಲಲ್ಲ. ನಮ್ಮ ಊರುಗಳನ್ನು ನಾವೇ ಇರಲಾಗದಂತೆ ಮಾಡಿಕೊಂಡಿದ್ದೇವೆ. ಮೊದಲು ಹುಬ್ಬಳ್ಳಿ, ಗದಗಿನ ಮನೆಗಳಿಗೆ ಹಿತ್ತಲು ಇರುತ್ತಿತ್ತು. ಬಚ್ಚಲ ನೀರು ಬಾಳೆಗೆ, ಕೆಸುವಿನ ಎಲೆಗೆ ಹೋಗುತ್ತಿತ್ತು. ಈಗ ಒಳ್ಳೆಯ ಎರೆ ಹೊಲವನ್ನು ಎನ್.ಎ. (ಕೃಷಿಯೇತರ) ಮಾಡಿಸಿ, ಪ್ಲಾಟು ಹಾಕಿ, ನಾಲ್ಕೂ ಅಂಚಿಗೆ ಗೋಡೆ ಎಬ್ಬಿಸಿ, ಉಳಿದ ಎರಡಡಿಗೆ ಟೈಲ್ಸ್ ಹೊಚ್ಚುತ್ತಾರೆ. ಆಮೇಲೆ "ಸೆಕೆ" ಅಂತಾರೆ. ಉಣಕಲ್ ಕೆರೆಯನ್ನು ಅಂತರಗಂಗೆಗೆ ಬಿಟ್ಟುಕೊಟ್ಟು ಪಕ್ಕದಲ್ಲೇ ಬಾಟಲಿ ನೀರು ಕುಡಿಯುತ್ತೇವೆ. ಹಾವೇರಿಯಲ್ಲಿ ಕಣ್ಣು ಹಾಯಿಸಿದಷ್ಟೂ ಗೋವಿನಜೋಳ (ಮೆಕ್ಕೆಜೋಳ), ಜೋಳದ ರೊಟ್ಟಿ ಅಂಗಡಿಯಿಂದ. ಹೊಲ ಮಾಡುವ ಹುಡುಗನಿಗೆ ಹೆಣ್ಣು ಕೊಡೋದಿಲ್ಲ, ಆದರೆ ನಿವೃತ್ತಿ ಆದ ಮೇಲೆ ಎಲ್ಲರಿಗೂ ತೋಟ ಬೇಕು! 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಆಗಿ, ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. ಅಲ್ಲಿಂದ ಚೆಂದದ ಜಾಗಕ್ಕೆಲ್ಲ ಪಟ್ಟಣದ ತಂತಿ ಬೇಲಿ ಬೀಳುತ್ತಿದೆ. ಮೊದಲೇ ಕಾಡು ಜಾಸ್ತಿ, ಸಾಗುವಳಿ ನೆಲ ಕಮ್ಮಿ ಇರುವ ಉತ್ತರ ಕನ್ನಡದಲ್ಲಿ ಸ್ಥಳೀಯ ಹುಡುಗರು ಆ ದರಕ್ಕೆ ನೆಲ ಹೇಗೆ ಕೊಂಡಾರು? ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸುತ್ತಲಿನ ರೈತರನ್ನು ಸೇರಿಸಿ ಸಹಕಾರ ಸಂಘ ಕಟ್ಟಿದರು. ಕೃಷಿ ಸಹಕಾರದ ಮಾತು ಬಂದಾಗ ದೇಶ ಮೊದಲು ನೆನೆಯುವುದು ಆ ಹಳ್ಳಿಯನ್ನು. ಬಿಸಿಲು ಅಂತ ಅವರು ಘಟ್ಟ ಇಳಿಯಲಿಲ್ಲ.

ಹೋಗಲಿ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೊನ್ನಾವರದಲ್ಲಿ ತಗೋಬೇಕೆಂದಿರುವ ಇಪ್ಪತ್ತು ಗುಂಟೆಯನ್ನು ಅಣ್ಣಿಗೇರಿಯ ನಿಮ್ಮ ಹೊಲದಲ್ಲೇ ಲಾವಣಿದಾರರಿಂದ ಬಿಡಿಸಿಕೊಳ್ಳಿ. ಇಳಿಜಾರಿನ ಮೂಲೆಯಲ್ಲಿ 30 ಅಡಿ ಉದ್ದ, 30 ಅಡಿ ಅಗಲ, 10 ಅಡಿ ಆಳದ ಹೊಂಡ ತೆಗೆಸಿ. ಬದಿಯ ಇಳಿಜಾರು ಕಳೆದರೂ ಲಕ್ಷ ಲೀಟರ್ ಮೀರಿ ನೀರು ಹಿಡಿಯುತ್ತದೆ. ಎರೆಮಣ್ಣಿನ ತಳ ಸೋರೋದು ಕಮ್ಮಿ, ಪ್ಲಾಸ್ಟಿಕ್ ಹಾಳೆಯ ಖರ್ಚು ಬೇಕಿಲ್ಲ. ಬದುವಿಗೆ ಬಾರಿಹಣ್ಣು, ಸೀತಾಫಲ, ನುಗ್ಗೆ, ನಿಂಬೆ. ಎರಡು ಗುಂಟೆ ಕಾಯಿಪಲ್ಯಕ್ಕೆ ಹನಿ ನೀರಾವರಿ. ನಮ್ಮ ಚಳಿಗಾಲದ ರಾತ್ರಿ ತಂಪಿಗೆ ಗಜ್ಜರಿ, ಮೂಲಂಗಿ, ಮೆಂತೆ, ಕೋಸು ಕುದುರುವ ಹಾಗೆ ಕಡಲ ದಂಡೆಯ ಬೆಚ್ಚನೆ ರಾತ್ರಿಯಲ್ಲಿ ಕುದುರೋದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರಿಂದ ನಿಮ್ಮ ಪಕ್ಕದಲ್ಲೇ ಇದೆ. ಮಣ್ಣು ಪರೀಕ್ಷೆ ಅಲ್ಲಿ ಮಾಡಿಸಿ, ಕೃಷಿ ಮೇಳಕ್ಕೆ ಮನೆಯವರನ್ನೂ ಕರೆದುಕೊಂಡು ಹೋಗಿ.

ಹಸಿರು ನೋಡಲೇಬೇಕು ಅನ್ನಿಸಿದರೆ ಕಲಘಟಗಿ, ಹಾನಗಲ್ ಕಡೆ ಅರೆಮಲೆನಾಡು ಇದೆ, ಹೋಗಿ ಬನ್ನಿ. ಹೊನ್ನಾವರವೇ ಬೇಕು ಅಂದರೆ ಮುಂಗಡ ಕೊಡುವ ಮುಂಚೆ ಇಡೀ ಜುಲೈ ಬಾಡಿಗೆ ಮನೆಯಲ್ಲಿ ಇದ್ದು ನೋಡಿ. ಮೇ ತಿಂಗಳಲ್ಲಿ ಇನ್ನೊಮ್ಮೆ ಹೋಗಿ ಬಾವಿ ನೀರಿನ ರುಚಿ ನೋಡಿ. ಡಿಸೆಂಬರ್‌ನಲ್ಲಿ ಮಾತ್ರ ಹೋಗಬೇಡಿ, ಆಗ ಎಲ್ಲರಿಗೂ ಅಲ್ಲಿ ಮನೆ ಮಾಡಬೇಕು ಅನ್ನಿಸುತ್ತದೆ.

ಪತ್ರದ ಕೊನೆಗೆ, ಅಂಗಳದ ಕರಿಬೇವು ಹಳದಿಯಾಗಿದೆ, ನರ ಮಾತ್ರ ಹಸಿರು, ಇದಕ್ಕೇನು ಮಾಡಲಿ ಅಂತಲೂ ಕೇಳಿದ್ದೀರಿ. ಕಬ್ಬಿಣದ ಕೊರತೆ ಅದು. ನಮ್ಮ ಮಣ್ಣಿನಲ್ಲಿ ಕಬ್ಬಿಣ ಇದೆ, ಸುಣ್ಣದ ಅಂಶ ಜಾಸ್ತಿಯಾಗಿ ಬೇರಿಗೆ ಸಿಗುತ್ತಿಲ್ಲ ಅಷ್ಟೇ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಅರ್ಧ ನಿಂಬೆಹಣ್ಣಿನ ರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಮತ್ತೊಮ್ಮೆ. ಬುಡಕ್ಕೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿ. ಮನೆ ಕಟ್ಟುವಾಗ ಉಳಿದ ಸಿಮೆಂಟಿನ ರಾಡಿ ಬುಡದಲ್ಲಿ ಇದೆಯಾ ನೋಡಿ, ಇದ್ದರೆ ಅಗೆದು ತೆಗೆಯಿರಿ. ಸುಣ್ಣ ಅದರಿಂದಲೂ ಸೇರುತ್ತದೆ.