ವಾಪಸ್ ಟಿಕೆಟ್ ಬಿಟ್ಟುಬಿಡಬಹುದೇ?

ಪ್ರಶ್ನೆ: ಮಗ ಎಂ.ಎಸ್. ಓದಲು ಜರ್ಮನಿಗೆ ಹೊರಟಿದ್ದಾನೆ. ಬೆಂಗಳೂರು–ಫ್ರಾಂಕ್‌ಫರ್ಟ್ ಒನ್‌ವೇ ಟಿಕೆಟ್ಟಿಗಿಂತ ಹೋಗಿಬರುವ ಟಿಕೆಟ್ಟೇ ಅಗ್ಗ ತೋರಿಸುತ್ತಿದೆ. ಅದನ್ನೇ ಕೊಂಡು ವಾಪಸ್ ಬರದಿದ್ದರೆ ತೊಂದರೆಯೇ?
— ಓದುಗರು, ದಾವಣಗೆರೆ

ಉತ್ತರ: ಇದು ಅಪರಾಧವಲ್ಲ. ಆದರೆ ಅನೇಕ ಏರ್‌ಲೈನ್‌ಗಳ ಷರತ್ತಿಗೆ ವಿರುದ್ಧ. ದರದ ವ್ಯತ್ಯಾಸ ವಸೂಲಿ ಮಾಡುವ ಹಕ್ಕನ್ನು ಅವು ಬರೆದಿಟ್ಟುಕೊಂಡಿರುತ್ತವೆ, ಬಳಸುವುದು ಅಪರೂಪ. ಓಸ್ಲೋ–ಸಿಯಾಟಲ್ ಹೋಗಿಬರುವ ಟಿಕೆಟ್ಟಿನ ಕೊನೆಯ ಹಾರಾಟ ಬಿಟ್ಟ ಪ್ರಯಾಣಿಕನಿಂದ ಲುಫ್ತಾನ್ಸಾ 2,112 ಯೂರೋ ಕೇಳಿತ್ತು; 2018ರ ಡಿಸೆಂಬರ್‌ನಲ್ಲಿ ಬರ್ಲಿನ್ನಿನ ನ್ಯಾಯಾಲಯ ಆ ದಾವೆಯನ್ನು ತಳ್ಳಿಹಾಕಿತು. ಏಜೆಂಟರ ಮೂಲಕ ಕೊಂಡರೆ ದಂಡದ ಮೆಮೊ ಅವರಿಗೆ ಹೋಗುತ್ತದೆ, ಆಮೇಲೆ ನಿಮ್ಮ ಮನೆಬಾಗಿಲಿಗೆ. ಹಾರಾಟಕ್ಕೆ ಪಾಯಿಂಟ್ ಕೊಡುವ ಏರ್‌ಲೈನಿನ ಮೈಲೇಜ್ ಖಾತೆ ಇದ್ದರೆ ಆ ನಂಬರ್ ಹಾಕಬೇಡಿ, ಪಾಯಿಂಟ್ ಕಸಿದುಕೊಳ್ಳಬಹುದು.

ಮೊದಲು ಸ್ಟೂಡೆಂಟ್ ಫೇರ್ ವಿಚಾರಿಸಿ. ಕೆಲವು ಏರ್‌ಲೈನ್‌ಗಳು ಒನ್‌ವೇಗೂ ರಿಯಾಯಿತಿ ಕೊಟ್ಟು, ಮೇಲೊಂದು ಬ್ಯಾಗ್ ಬಿಡುತ್ತವೆ. ಹೆಚ್ಚುವರಿ ಬ್ಯಾಗಿನ ಶುಲ್ಕ ಸೇರಿಸಿ ನೋಡಿದರೆ, ಹೋಗಿಬರುವ ಟಿಕೆಟ್ಟಿನ ಉಳಿತಾಯ ಅಲ್ಲೇ ಕರಗುವುದುಂಟು.

ಆದರೂ ಅದೇ ಅಗ್ಗವಾದರೆ, ವಾಪಸ್ ದಿನಾಂಕವನ್ನು ಮಾರ್ಚ್‌ಗೆ ಹಾಕಿ. ಚಳಿಗಾಲದ ಸೆಮಿಸ್ಟರ್ ಪಾಠ ಫೆಬ್ರವರಿ ಹೊತ್ತಿಗೆ ಮುಗಿಯುತ್ತದೆ. ಮನಸ್ಸಾದರೆ ಹುಡುಗ ಊರಿಗೆ ಬರಬಹುದು. ಬರುವುದಿಲ್ಲವೆಂದು ಖಚಿತವಾದರೆ ಸುಮ್ಮನೆ ಕೂರದೆ, ವಿಮಾನ ಹೊರಡುವ ಮೊದಲೇ ಆ ಹಾರಾಟ ರದ್ದು ಮಾಡಿಸಿ. ಮೂಲ ದರದಲ್ಲಿ ಏನೂ ಮರಳದು, ಏಕೆಂದರೆ ಹಾರಿದ ಭಾಗಕ್ಕೆ ದುಬಾರಿ ಒನ್‌ವೇ ದರವನ್ನೇ ಕಳೆಯುತ್ತಾರೆ. ಬಳಸದ ತೆರಿಗೆ ಮಾತ್ರ ಕೇಳಿ: ಟಿಕೆಟ್ಟಿನಲ್ಲಿ ಓವೈ, ಆರ್‌ಎ, ಡಿಇ ಎಂದಿರುವುದು ಜರ್ಮನಿಯಿಂದ ಹೊರಡುವುದಕ್ಕೆ ಹಾಕಿದ ತೆರಿಗೆ ಮತ್ತು ಶುಲ್ಕ. ವೈಕ್ಯೂ, ವೈಆರ್ ಏರ್‌ಲೈನಿನದೇ ಸರ್‌ಚಾರ್ಜ್. ಅದು ಸಾಮಾನ್ಯವಾಗಿ ಮರಳುವುದಿಲ್ಲ. ಪೋರ್ಟಲ್‌ನಲ್ಲಿ ಕೊಂಡಿದ್ದರೆ ಅದರ ಸೇವಾಶುಲ್ಕವೇ ಅರ್ಧ ನುಂಗೀತು.

ವಿದ್ಯಾರ್ಥಿ ವೀಸಾಕ್ಕೆ ವಾಪಸ್ ಟಿಕೆಟ್ ಬೇಕಿಲ್ಲ. ಪ್ರವಾಸಿ ವೀಸಾದವರನ್ನು ಮಾತ್ರ ಚೆಕ್‌ಇನ್‌ನಲ್ಲೂ ಇಮಿಗ್ರೇಷನ್‌ನಲ್ಲೂ ಅದನ್ನು ತೋರಿಸಿ ಎನ್ನಬಹುದು.

ಪ್ರಶ್ನೆ: ಹೋಗುವುದನ್ನು ಬಿಟ್ಟು ಬರುವುದನ್ನು ಮಾತ್ರ ಬಳಸಬಹುದೇ?
— ಓದುಗರು, ಉಡುಪಿ

ಉತ್ತರ: ಬೇಡವೇ ಬೇಡ. ಟಿಕೆಟ್ಟಿನ ಹಾರಾಟಗಳನ್ನು ಸಾಲಾಗಿಯೇ ಬಳಸಬೇಕು. ಮೊದಲನೆಯದಕ್ಕೆ ನೋ-ಶೋ ಆದರೆ, ಅಂದರೆ ಹೇಳದೆ ಹತ್ತದೇ ಬಿಟ್ಟರೆ, ಉಳಿದದ್ದೆಲ್ಲ ತಾನಾಗಿ ರದ್ದಾಗುತ್ತದೆ. ಮಂಗಳೂರು–ಮುಂಬೈ–ಲಂಡನ್ ಎಂದು ಒಂದೇ ಪಿಎನ್‌ಆರ್‌ನಲ್ಲಿ ಕೊಂಡು, ರೈಲಲ್ಲಿ ಮುಂಬೈಗೆ ಹೋಗಿ ಅಲ್ಲಿಂದ ಹತ್ತುತ್ತೇನೆಂದರೂ ಇದೇ ಗತಿ. ಪ್ಲಾನ್ ಬದಲಾದರೆ ಮೊದಲೇ ಫೋನ್ ಮಾಡಿ ಟಿಕೆಟ್ ರೀಇಷ್ಯೂ ಮಾಡಿಸಿ, ಅಂದರೆ ಹೊಸ ಪ್ಲಾನ್‌ಗೆ ಬದಲಿಸಿಕೊಳ್ಳಿ. ದರದ ವ್ಯತ್ಯಾಸ ಕಟ್ಟಬೇಕಾದೀತು.